ಒಂಬತ್ತು ಪೌಂಡು ಬಾರ್ಲಿ

ನನಗೆ ಅನುಮಾನ ಜಾಸ್ತಿ. ಅಂಗಡಿಯಲ್ಲಿ ಎರಡು ಕೊಂಡರೆ ಒಂದು ಫ್ರೀ ಅಂದರೆ, ಆ ಫ್ರೀ ಬಂದಿದ್ದರ ಎಕ್ಸ್‌ಪೈರಿ ಡೇಟ್ ಹುಡುಕುತ್ತೇನೆ. ಮೆಕ್ಯಾನಿಕ್ ಬ್ರೇಕ್ ಪ್ಯಾಡ್ ಸವೆದಿದೆ ಅಂದರೆ, ಹಳೇದನ್ನ ಕೈಗೆ ಕೊಡಪ್ಪ ನೋಡೋಣ ಅನ್ನುತ್ತೇನೆ. ಮ್ಯಾನೇಜರ್ ‘ಗುಡ್ ಜಾಬ್’ ಅಂದ ದಿನವೇ ಕೂತು ರೆಸ್ಯೂಮೆ ಅಪ್‌ಡೇಟ್ ಮಾಡುತ್ತೇನೆ. ನನ್ನ ಹೆಂಡತಿ ಮದುವೆಯಾದ ಹೊಸದರಲ್ಲಿ ಇದಕ್ಕೆ ನಗುತ್ತಿದ್ದಳು. ಆಮೇಲೆ ನಗೋದು ನಿಲ್ಲಿಸಿ, ‘ಅವನು ಹಾಗೇ, ಬಿಡಿ’ ಅಂತ ಬೇರೆಯವರಿಗೆ ಸಮಾಧಾನ ಹೇಳೋಕೆ ಶುರು ಮಾಡಿದಳು.

ಬಿಯರ್ ಮಾಡುವ ಹುಚ್ಚು ಹಿಡಿದಿದ್ದು ಲಾಕ್‌ಡೌನಿನಲ್ಲಿ. ಅಮೆರಿಕದ ಆಶ್‌ಬರ್ನಿನಲ್ಲಿ ನಮ್ಮದೊಂದು ಟೌನ್‌ಹೌಸು, ಕೆಳಗೆ ಗರಾಜು, ಮೇಲೆ ಹಗಲೆಲ್ಲ ಲ್ಯಾಪ್‌ಟಾಪ್ ಮುಂದೆ ಕೂತು ಬೆನ್ನು ಹಿಡಿಸಿಕೊಂಡ ನಾನು. ಮೊದಲೆರಡು ವರ್ಷ ಡಬ್ಬಿಯಲ್ಲಿ ಬರುವ ಮಾಲ್ಟ್ ಸಿರಪ್ಪನ್ನು ನೀರಿಗೆ ಬೆರೆಸಿ ಕುದಿಸಿ ಮಾಡುತ್ತಿದ್ದೆ. ರೆಡಿ ಮಿಕ್ಸ್ ತಂದು ಜಾಮೂನು ಮಾಡಿದ ಹಾಗೆ ಅದು, ಕೆಡೋಕೆ ಜಾಗವೇ ಇಲ್ಲ. ಆದರೆ ಆ ಡಬ್ಬಿಯೊಳಗೆ ಏನೇನು ಸುರಿದಿರುತ್ತಾರೋ ಯಾರು ಕಂಡರು? ಒಂದು ದಿನ ಲೇಬಲ್ಲನ್ನು ಮೂರು ಸಲ ಓದಿ, ಇನ್ನು ಮುಂದೆ ಕಾಳಿನಿಂದಲೇ ಶುರು ಮಾಡಬೇಕು ಅಂತ ತೀರ್ಮಾನಿಸಿಬಿಟ್ಟೆ.

ಇದಕ್ಕೆ ಆಲ್-ಗ್ರೇನ್ ಅಂತಾರೆ. ಬಾರ್ಲಿಗೆ ಮೊಳಕೆ ಬರಿಸಿ, ಮೊಳಕೆ ಉದ್ದ ಆಗೋದರೊಳಗೆ ಒಣಗಿಸಿಬಿಡುತ್ತಾರೆ. ಅದೇ ಮಾಲ್ಟು. ಅದನ್ನು ಒರಟಾಗಿ ಒಡೆದು ಹದವಾದ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿಟ್ಟರೆ, ಕಾಳಿನೊಳಗಿನ ಹಿಟ್ಟು ತನ್ನಷ್ಟಕ್ಕೆ ಸಕ್ಕರೆಯಾಗಿ ನೀರು ಸಿಹಿಯಾಗುತ್ತದೆ. ಆ ನೀರನ್ನು ಸೋಸಿ, ಹಾಪ್ಸ್ ಅನ್ನುವ ಕಹಿ ಹೂವು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಹಾಕಿ ಮುಚ್ಚಿಡುವುದು. ಕೇಳೋಕೆ ಸುಲಭ. ನಾನು ಇದಕ್ಕಾಗಿ ಎರಡು ತಿಂಗಳು ಓದಿದೆ, ಸ್ಪ್ರೆಡ್‌ಶೀಟ್ ಮಾಡಿದೆ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಮಾತಿಗೆ ಒರೆ ಹಚ್ಚಿ ನೋಡಿದೆ. ಎಲ್ಲರೂ ಒಂದೇ ಮಾತು ಹೇಳಿದರೆ ಅದಕ್ಕೂ ನನಗೆ ಅನುಮಾನ.

ಆಗ ನನ್ನ ಹೆಂಡತಿಗೆ ಎಂಟು ತಿಂಗಳು. ಮಗು ಹುಟ್ಟಿದ ಖುಷಿಗೆ ಗೆಳೆಯರಿಗೆಲ್ಲ ನಾನೇ ಕಾಳಿನಿಂದ ಮಾಡಿದ್ದನ್ನ ಕೊಡಬೇಕು ಅಂತ ನನ್ನ ಆಸೆ. ‘ಮಾಡ್ಕೋ. ಆದ್ರೆ ಅಮ್ಮ ಬರೋದ್ರೊಳಗೆ ಮುಗಿಸು’ ಅಂದಿದ್ದಳು. ಆಫೀಸಿನಲ್ಲಿ ಒಂದು ಸಾಫ್ಟ್‌ವೇರ್ ರಿಲೀಸು ಬಂತು, ಇನ್ನೊಂದು ಬಂತು, ಮುಗಿಯಲಿಲ್ಲ. ಅಷ್ಟರಲ್ಲಿ ಅತ್ತೆ ಬಂದಿಳಿದರು.

ಅತ್ತೆ ಬಾಣಂತನಕ್ಕೆ ಅಂತ ಮೈಸೂರಿನಿಂದ ಬಂದವರು. ಒಳ್ಳೆಯವರೇ. ಆದರೆ ಅವರ ದೊಡ್ಡ ಮಗಳು, ಅಂದರೆ ನನ್ನ ಹೆಂಡತಿಯ ಅಕ್ಕ, ಗಂಡನ ಕುಡಿತ ತಾಳಲಾರದೆ ಮನೆ ಬಿಟ್ಟು ಬಂದು ಆರು ವರ್ಷವಾಗಿತ್ತು. ಒಬ್ಬ ಅಳಿಯನಿಂದ ಅಷ್ಟು ಅನುಭವಿಸಿದವರು ಇನ್ನೊಬ್ಬ ಅಳಿಯನನ್ನು ಯಾವ ಕಣ್ಣಿನಿಂದ ನೋಡುತ್ತಾರೆ? ಬಂದ ಎರಡನೇ ದಿನವೇ, ಕಾಫಿ ಕುಡಿಯುತ್ತ ಅಂದರು: ‘ಮಗು ಮೂರು ತಿಂಗಳದಾದ್ಮೇಲೆ ಇಬ್ಬರನ್ನೂ ಒಂದಾರು ತಿಂಗಳು ಮೈಸೂರಿಗೆ ಕರ್ಕೊಂಡು ಹೋಗೋಣ ಅಂತ ಯೋಚನೆ. ನೋಡೋಣ, ಇಲ್ಲಿ ಹೇಗಿದೆ ಅಂತ.’

ಆ ‘ನೋಡೋಣ’ ನನ್ನ ತಲೆಯಲ್ಲೇ ಕೂತುಬಿಟ್ಟಿತು. ಆರು ತಿಂಗಳು ಅನ್ನೋದು ಬಾಯಿಮಾತು. ಇಲ್ಲಿಗೆ ವಾಪಸ್ ಬರೋಕೆ ಅಲ್ಲಿ ಮಾಡಿಸಬೇಕಾದ ವೀಸಾ ಸ್ಟ್ಯಾಂಪಿಂಗಿಗೆ ಆ ಕಾಲದಲ್ಲಿ ಅಪಾಯಿಂಟ್‌ಮೆಂಟೇ ಸಿಗುತ್ತಿರಲಿಲ್ಲ. ಹೋದವರು ಅಲ್ಲೇ ಸಿಕ್ಕಿಹಾಕಿಕೊಂಡು, ಗಂಡ ಇಲ್ಲಿ ಹೆಂಡತಿ ಅಲ್ಲಿ ಅಂತ ವರ್ಷ ತಳ್ಳಿದವರನ್ನು ನಮ್ಮ ಬೀದಿಯಲ್ಲೇ ನೋಡಿದ್ದೆ. ಹೋದರೆ ಮಗುವಿನ ಮೊದಲ ವರ್ಷ ನನ್ನ ಪಾಲಿಗಿಲ್ಲ. ನನ್ನ ಗರಾಜಿನ ಸುದ್ದಿ ಅತ್ತೆಗೆ ಗೊತ್ತಾದ ದಿನ ಟಿಕೆಟ್ ಬುಕ್ ಆಗುತ್ತದೆ ಅಂತ ನನಗೆ ಖಾತ್ರಿಯಾಯಿತು. ಬುದ್ಧಿ ಇರುವವನು ಅಲ್ಲಿಗೆ ಬಿಯರ್ ವಿಚಾರ ಕೈಬಿಡುತ್ತಿದ್ದ. ನಾನು ಬಿಡಲಿಲ್ಲ. ಅವರು ಬಂದರು ಅಂತ ನಾನ್ಯಾಕೆ ಬಿಡಬೇಕು, ನನ್ನ ಮನೆ, ನನ್ನ ಗರಾಜು ಅನ್ನೋ ಹಟ.

ಒಂದು ಮಧ್ಯಾಹ್ನ ಆಫೀಸಿನ ಕೆಲಸ ಅಂತ ಹೇಳಿ, ಅರ್ಧ ಗಂಟೆ ಡ್ರೈವ್ ಮಾಡಿ, ಬ್ರೂಯಿಂಗ್ ಸಾಮಾನಿನ ಅಂಗಡಿಗೆ ಹೋದೆ. ನೇಲ್ ಸಲೂನಿಗೂ ವ್ಯಾಕ್ಯೂಮ್ ರಿಪೇರಿಗೂ ಮಧ್ಯ ಒಂದು ಉದ್ದನೆಯ ಕೋಣೆ. ಗೋಡೆಯುದ್ದಕ್ಕೂ ಕಾಳಿನ ಪ್ಲಾಸ್ಟಿಕ್ ಡಬ್ಬಗಳು. ಕೂದಲು ಹಿಂದಕ್ಕೆ ಕಟ್ಟಿದ್ದ ಬಿಳಿ ಗಡ್ಡದ ಮುದುಕ ಒಬ್ಬನೇ ಇದ್ದ. ನಾನು ಸ್ಪ್ರೆಡ್‌ಶೀಟ್ ತೆಗೆದೆ. ಅದರಲ್ಲಿ ಏಳು ಬಗೆ ಮಾಲ್ಟು, ನಾಲ್ಕು ಬಗೆ ಹಾಪ್ಸು. ಅವನು ಕನ್ನಡಕ ಏರಿಸಿ ಓದಿ ತಲೆಯಾಡಿಸಿದ.

‘ಮೊದಲನೇ ಸಲ ಅಲ್ವಾ? ಇಷ್ಟೆಲ್ಲ ಬೇಡ. ಒಂದು ಬೇಸ್ ಮಾಲ್ಟ್ ತಗೊಳ್ಳಿ, ಒಂದಿಷ್ಟು ಕ್ರಿಸ್ಟಲ್, ಒಂದೇ ಹಾಪ್. ಯಾವುದರಿಂದ ಯಾವ ರುಚಿ ಬಂತು ಅನ್ನೋದಾದರೂ ನಿಮಗೆ ಗೊತ್ತಾಗುತ್ತೆ’ ಅಂದ.

ಕಡಿಮೆ ಮಾರುವ ಅಂಗಡಿಯವನನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಏನೋ ಇದೆ ಅನ್ನಿಸಿತು. ಆ ಏಳೂ ಇವನ ಹತ್ತಿರ ಸ್ಟಾಕ್ ಇಲ್ಲದೆ ಹೀಗೆ ಹೇಳುತ್ತಿರಬಹುದು. ಇಲ್ಲಾ ಈ ಬೇಸ್ ಮಾಲ್ಟ್ ಹಳೇದು, ದಾಟಿಸೋಕೆ ನೋಡುತ್ತಿದ್ದಾನೆ.

‘ಕಚ್ಚಿ ನೋಡಿ’ ಅಂತ ಅವನೇ ಡಬ್ಬದ ಮುಚ್ಚಳ ತೆಗೆದ. ಎರಡು ಕಾಳು ಬಾಯಿಗೆ ಹಾಕಿಕೊಂಡೆ. ಹಗುರ, ಕಟಂ ಅಂತ ಮುರೀತು, ಅಗಿಯುತ್ತ ಅಗಿಯುತ್ತ ಸಣ್ಣಗೆ ಸಿಹಿ. ಹೊಸ ಕಾಳು ಹೀಗೆ ಪುಡಿಯಾಗಬೇಕು, ಮೆತ್ತಗಾಗಿದ್ದರೆ ತೇವ ಹಿಡಿದಿದೆ ಅಂತ ಅರ್ಥ, ತಗೋಬೇಡಿ ಅಂದ. ಪಕ್ಕದ ಡಬ್ಬದ ಕಾಳು ಕೆಂಪಗೆ, ಗಾಜಿನಂತೆ ಗಟ್ಟಿ. ಅದು ಕ್ರಿಸ್ಟಲ್. ಬೆಲ್ಲದ ಪಾಕ ಸ್ವಲ್ಪ ಹೆಚ್ಚು ಕಾದ ರುಚಿ. ‘ಇದು ಬಣ್ಣಕ್ಕೆ, ರುಚಿಗೆ. ಇದರಿಂದ ಹೊಸದಾಗಿ ಸಕ್ಕರೆ ಆಗಲ್ಲ, ಆ ಕೆಲಸವೆಲ್ಲ ಬೇಸ್ ಮಾಲ್ಟಿಂದು. ಅದಕ್ಕೇ ಅದು ಒಂಬತ್ತು ಪೌಂಡು, ಇದು ಅರ್ಧ ಪೌಂಡು ಸಾಕು’ ಅಂದ. ಅದರಾಚೆ ಕಾಫಿಬೀಜದಷ್ಟು ಕಪ್ಪಗಿದ್ದ ಇನ್ನೊಂದಿತ್ತು. ಅದಕ್ಕೆ ಕೈ ಹಾಕಿದೆ. ‘ಅದು ಆಮೇಲೆ’ ಅಂತ ಮುಚ್ಚಳ ಹಾಕಿಬಿಟ್ಟ. ನನಗೆ ಉರಿದುಹೋಯಿತು. ಇವನ್ಯಾರು ನನಗೆ ಆಮೇಲೆ ಅನ್ನೋಕೆ?

ಹಾಪ್ಸು ಫ್ರೀಜರಿನಲ್ಲಿ, ಬೆಳ್ಳಿ ಬಣ್ಣದ ಪ್ಯಾಕೆಟ್ಟಿನಲ್ಲಿತ್ತು. ಹೂವನ್ನು ಪುಡಿ ಮಾಡಿ ಹಸಿರು ಗುಳಿಗೆ ಕಟ್ಟಿರುತ್ತಾರೆ. ತೋರಿಸೋಕೆ ಅಂತ ಒಡೆದಿಟ್ಟಿದ್ದ ಎರಡು ಬಗೆಯನ್ನು ಮೂಗಿಗೆ ಹಿಡಿದ. ಒಂದರ ವಾಸನೆ ಥೇಟ್ ಬೆಕ್ಕು ಒದ್ದೆ ಮಾಡಿದ ಚಾಪೆಯದು. ನನ್ನ ಮುಖ ನೋಡಿ ಮುದುಕ ನಕ್ಕ. ಇದಕ್ಕೇ ಮುಗಿಬೀಳುವವರಿದ್ದಾರೆ ಅಂದ. ಇನ್ನೊಂದು ಕ್ಯಾಸ್ಕೇಡ್, ಗಜನಿಂಬೆ ಸಿಪ್ಪೆ ಕೆರೆದ ಹಾಗೆ. ಮೂಗಿಗೆ ಹಿಡಿಸಿತು. ಆದರೂ ಪ್ಯಾಕೆಟ್ ತಿರುಗಿಸಿ ಯಾವ ವರ್ಷದ ಬೆಳೆ ಅಂತ ನೋಡಿದೆ, ಗಾಳಿ ಹೋಗಿದೆಯಾ ಅಂತ ಹಿಸುಕಿ ನೋಡಿದೆ. ಅವನು ಸುಮ್ಮನೆ ನಿಂತಿದ್ದ. ಆ ತಾಳ್ಮೆಯೂ ನನಗೆ ಸರಿಕಾಣಲಿಲ್ಲ.

ಕೊನೆಗೆ ಅವನು ಹೇಳಿದ್ದನ್ನೇ ತಗೊಂಡೆ, ಬೇರೆ ದಾರಿ ಇರಲಿಲ್ಲ. ಒಂಬತ್ತು ಪೌಂಡು ತೂಗಿ, ‘ಇಲ್ಲೇ ಮಿಷನ್ನಿದೆ, ಒಡೆದು ಕೊಡ್ತೀನಿ’ ಅಂತ ಒಳಗೆ ಹೊರಟ. ಮಿಷನ್ನು ಬಾಗಿಲ ಹಿಂದೆ, ಕಣ್ಣಿಗೆ ಕಾಣದ ಕಡೆ. ನನಗೆ ಚಿಕ್ಕಂದಿನ ಹಿಟ್ಟಿನ ಗಿರಣಿ ನೆನಪಾಯಿತು. ನಮ್ಮ ಮನೆಯಲ್ಲಿ ಗೋಧಿ ಬೀಸಿಸೋಕೆ ಹೋದವರು ಡಬ್ಬ ಕೊಟ್ಟು ಕೂರುವ ಹಾಗಿರಲಿಲ್ಲ. ನಮ್ಮ ಕಾಳು ಗಿರಣಿಯ ಬಾಯಿಗೆ ಬಿದ್ದು ನಮ್ಮ ಡಬ್ಬಕ್ಕೇ ಹಿಟ್ಟು ಇಳಿಯೋವರೆಗೂ ಕಣ್ಣು ಮಿಟುಕಿಸದೆ ನಿಲ್ಲಬೇಕು, ಇಲ್ಲದಿದ್ದರೆ ಬದಲಾಯಿಸಿಬಿಡುತ್ತಾರೆ ಅಂತ ಅಮ್ಮನ ಆಜ್ಞೆ. ‘ಒಡೆಯೋದು ಬೇಡ, ಇಡೀ ಕಾಳೇ ಕೊಡಿ’ ಅಂದೆ. ‘ಒಡೆಯೋಕೆ ಮನೇಲಿ ಏನಿದೆ?’ ಅಂದ. ಸಹೋದ್ಯೋಗಿಯೊಬ್ಬರಿಂದ ಕೈಯಲ್ಲಿ ತಿರುಗಿಸುವ ಗಿರಣಿ ಇಸ್ಕೊಂಡಿದ್ದೆ, ಹಾಗಂದೆ. ಭುಜ ಹಾರಿಸಿ ಇಡೀ ಕಾಳನ್ನೇ ಕಟ್ಟಿ ಕೊಟ್ಟ. ಮೋಸ ಹೋಗದೆ ಬಂದೆ ಅಂತ ಬೀಗುತ್ತ ಕಾರು ಹತ್ತಿದೆ.

ಮನೆಗೆ ಬಂದು ಚೀಲ ಇಳಿಸುವಾಗ ಗರಾಜಿನ ಬಾಗಿಲಲ್ಲೇ ಅತ್ತೆ.

‘ಏನದು ಅಷ್ಟು ದೊಡ್ಡ ಚೀಲ?’

‘ಬಾರ್ಲಿ ಅತ್ತೆ. ಇವಳಿಗೆ ಕಾಲು ಊದಿಕೊಳ್ತಿದೆಯಲ್ಲ, ಬಾರ್ಲಿ ನೀರಿಗೆ.’

‘ಇಷ್ಟೊಂದಾ!’

‘ಇಲ್ಲೆಲ್ಲ ಬಲ್ಕ್‌ನಲ್ಲೇ ಕೊಡೋದು.’

ಅವರು ಚೀಲದ ಬಾಯಿ ಬಿಚ್ಚಿ, ಒಂದು ಹಿಡಿ ತೆಗೆದು, ಬೆಳಕಿಗೆ ಹಿಡಿದು ನೋಡಿದರು. ಒಂದು ಕಾಳು ಬಾಯಿಗೆ ಹಾಕಿಕೊಂಡರು. ‘ಹೂಂ. ಒಳ್ಳೇದು ಬಿಡಿ’ ಅಂತ ಒಳಗೆ ಹೋದರು. ಸುಳ್ಳು ನಂಬಿದರು ಅಂತ ಸಮಾಧಾನವಾಗಬೇಕಿತ್ತು. ಅವರು ಅಷ್ಟು ಬೇಗ ಒಪ್ಪಿದ್ದೇ ನನ್ನ ತಲೆ ಕೊರೆಯಿತು. ಹಾಪ್ಸಿನ ಪ್ಯಾಕೆಟ್ಟನ್ನು ಫ್ರೀಜರಿನಲ್ಲಿ ಪರೋಟದ ಪ್ಯಾಕೆಟ್ಟುಗಳ ಹಿಂದೆ ತುರುಕಿದೆ.

ಅವತ್ತಿನಿಂದ ನಾನು ಅತ್ತೆಯ ಮೇಲೆ ಕಣ್ಣಿಟ್ಟೆ. ನಾನು ನೀರು ಕುಡಿದಿಟ್ಟ ಲೋಟವನ್ನು ತೊಳೆಯುವ ಮುಂಚೆ ಅವರು ಒಂದು ಕ್ಷಣ ಮೂಗಿನ ಹತ್ತಿರ ಹಿಡಿದ ಹಾಗಿತ್ತು. ಖಾಲಿ ಬಾಟಲಿ ಹಾಕುವ ರೀಸೈಕ್ಲಿಂಗ್ ಡಬ್ಬ ಹೊರಗಿಡೋಕೆ ‘ನಾನೇ ಹೋಗ್ತೀನಿ’ ಅಂದರು. ದಿನಾ ಬೆಳಿಗ್ಗೆ ಮನೆ ಹಿಂದಿನ ಮರದ ಡೆಕ್ಕಿನ ಮೇಲೆ ನಿಂತು ಮೈಸೂರಿಗೆ ಫೋನ್ ಮಾಡುತ್ತಿದ್ದರು. ನಾನು ಬಾಗಿಲು ತೆಗೆದರೆ ದನಿ ಇಳಿಯುತ್ತಿತ್ತು. ನಾನು ಮೇಲೆ ಮೀಟಿಂಗಿನಲ್ಲಿದ್ದಾಗ ಕೆಳಗಿಂದ ಏನೋ ಹುರಿಯುವ ಘಮ ಬರುತ್ತಿತ್ತು, ಒಂದು ದಿನವಲ್ಲ ಮೂರು ದಿನ. ರಾಗಿ ಸರಿಗೆ ಹಿಟ್ಟು ಮಾಡಿಕೊಳ್ಳುತ್ತಿದ್ದಾರೆ ಅಂದುಕೊಂಡೆ. ಹುಟ್ಟದ ಮಗುವಿಗೆ ಇಷ್ಟು ಬೇಗ ಯಾರು ಹಿಟ್ಟು ಮಾಡುತ್ತಾರೆ? ಮೈಸೂರಿಗೆ ಹೊರಡುವ ತಯಾರಿ ಅನ್ನಿಸಿತು. ಆ ಅನುಮಾನ ಬಂದಿದ್ದೇ ತಡ, ಮೀಟಿಂಗಿನಲ್ಲಿ ಯಾರೋ ನನ್ನ ಹೆಸರು ಕರೆದರೂ ಕೇಳಲಿಲ್ಲ.

ಆಮೇಲೆ ಮಾಡಿದ್ದನ್ನು ಬರೆಯೋಕೆ ನಾಚಿಕೆಯಾಗುತ್ತದೆ. ಒಂದು ಸಂಜೆ ಹೆಂಡತಿ ಸ್ನಾನಕ್ಕೆ ಹೋಗಿದ್ದಳು. ಅವಳ ಫೋನು ಮಂಚದ ಮೇಲೆ ಇತ್ತು. ಪಾಸ್‌ಕೋಡ್ ನನಗೆ ಗೊತ್ತಿತ್ತು, ಅವಳೇ ಹೇಳಿದ್ದಳು. ಅವಳ ಅಕ್ಕನ ಮೆಸೇಜುಗಳಲ್ಲಿ ‘ಟಿಕೆಟ್’ ಅಂತ ಹುಡುಕಿ, ಸಿಕ್ಕಿದ್ದನ್ನು ತೆರೆದೆ. ‘ಅಮ್ಮ ಟಿಕೆಟ್ ರೇಟ್ ನೋಡು ಅಂದ್ರು. ನಿಂಗೆ, ಮಗೂಗೆ, ಅಮ್ಮಂಗೆ. ಯಾವ ತಿಂಗಳಿಗೆ ನೋಡ್ಲಿ?’ ಅಂತ ಬರೆದಿದ್ದಳು. ಬಚ್ಚಲಿನ ನೀರು ನಿಂತಿತು. ಫೋನು ಇದ್ದಲ್ಲೇ ಇಟ್ಟು ಕೆಳಗೆ ಬಂದೆ. ಅತ್ತೆ ನನಗೆ ಬಿಸಿ ಚಪಾತಿ ಬಡಿಸಿದರು, ತುಪ್ಪ ಹಾಕಿದರು. ನಾನು ತಲೆಯೆತ್ತದೆ ತಿಂದೆ.

ಆ ಶನಿವಾರ ಬೆಳಿಗ್ಗೆ ಪಕ್ಕದ ಮನೆ ಆಂಟಿ ಇಬ್ಬರನ್ನೂ ದೇವಸ್ಥಾನಕ್ಕೆ ಕರೆದುಕೊಂಡು ಹೋದರು. ಊಟ ಅಲ್ಲೇ, ಬರೋದು ಎರಡು ಗಂಟೆ. ಕಾರು ತಿರುವು ದಾಟಿದ್ದೇ ತಡ ಗರಾಜಿಗೆ ಇಳಿದೆ. ಮಾಡೇ ತೀರಬೇಕು ಅನ್ನೋ ರೋಷ. ಹೇಗೂ ಕರ್ಕೊಂಡು ಹೋಗ್ತಾರೆ, ನಾನ್ಯಾಕೆ ಹೆದರಲಿ?

ಚೀಲ ಬಿಚ್ಚಿದರೆ ಕಾಳಿನ ಬಣ್ಣ ಬೇರೆ. ಅಂಗಡಿಯಲ್ಲಿ ಒಣಹುಲ್ಲಿನ ಬಣ್ಣವಿತ್ತು, ಈಗ ಹೊಂಬಣ್ಣ ಮೀರಿ ಕಂದು. ಕಚ್ಚಿದೆ, ಗರಿಗರಿ. ಥೂ ಮುದುಕ, ತೋರಿಸಿದ್ದೊಂದು ಕಟ್ಟಿದ್ದೊಂದು! ಅಷ್ಟು ಹುಷಾರಾಗಿದ್ದೂ ಬಿದ್ದೆನಲ್ಲ ಅಂತ ಹಲ್ಲು ಕಚ್ಚಿದೆ. ಆದರೂ ಗಿರಣಿಗೆ ಸುರಿದು ತಿರುಗಿಸಿದೆ. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಥರ್ಮಾಮೀಟರಿನ ಮುಂದೆ ಬಗ್ಗಿ ನಿಂತು, ನೂರ ಐವತ್ತೆರಡು ಡಿಗ್ರಿ ಫ್ಯಾರನ್‌ಹೀಟಿಗೆ ಸರಿಯಾಗಿ ನಿಲ್ಲಿಸಿ, ಕಾಳು ಹಾಕಿ ಕಂಬಳಿ ಹೊದಿಸಿದೆ. ಗರಾಜೆಲ್ಲ ಘಮಘಮ.

ಒಂದು ಗಂಟೆಯಾದ ಮೇಲೆ ಒಂದು ಚಮಚ ನೀರು ತೆಗೆದು ರುಚಿ ನೋಡಿದೆ. ಸಿಹಿ ಇಲ್ಲ. ಬರೀ ಗಂಜಿ. ಹಿಟ್ಟು ಉಳಿದಿದೆಯಾ ಅಂತ ತಿಳಿಯೋಕೆ ಒಂದು ಉಪಾಯವಿದೆ. ಬಿಳಿ ತಟ್ಟೆಯಲ್ಲಿ ಒಂದು ಹನಿ ಇಟ್ಟು ಅಯೋಡಿನ್ ಬಿಡಬೇಕು, ಬಣ್ಣ ತಿರುಗದಿದ್ದರೆ ಎಲ್ಲ ಸಕ್ಕರೆಯಾಗಿದೆ ಅಂತ. ನಾನು ಬಿಟ್ಟ ಹನಿ ಕಪ್ಪುನೀಲಿಯಾಯಿತು. ಇನ್ನರ್ಧ ಗಂಟೆ ಕಾದೆ. ಮತ್ತೆ ಕಪ್ಪುನೀಲಿ. ತಲೆ ಕೆಟ್ಟುಹೋಯಿತು. ಚೀಲದ ತಳದಲ್ಲಿ ಉಳಿದಿದ್ದ ಒಂದು ಹಿಡಿ ಕಾಳನ್ನು ಕವರಿಗೆ ಹಾಕಿಕೊಂಡು ಅಂಗಡಿಗೆ ಕಾರು ಓಡಿಸಿದೆ.

‘ಏನ್ರೀ ಕೊಟ್ಟಿದ್ದೀರ ನೀವು?’ ಅಂತ ಕೌಂಟರಿನ ಮೇಲೆ ಕವರು ಕುಕ್ಕಿದೆ. ಮುದುಕ ಒಂದು ಕಾಳನ್ನು ಮುರಿದು, ಮೂಸಿ, ಬಾಯಿಗೆ ಹಾಕಿಕೊಂಡ. ಕೋಪ ಮಾಡಿಕೊಳ್ಳಲಿಲ್ಲ.

‘ಚೆನ್ನಾಗಿ ಹುರಿದಿದ್ದೀರಲ್ಲ. ಯಾಕೆ ಹುರಿದ್ರಿ?’

‘ನಾನಾ?’

‘ಯಾರೋ ಹುರಿದಿದ್ದಾರೆ. ಒಂದೇ ಹದ, ಎಲ್ಲೂ ಸೀದಿಲ್ಲ, ಕೈ ಪಳಗಿದವರು. ಆದರೆ ಹೀಗೆ ಹುರಿದರೆ ಹಿಟ್ಟನ್ನ ಸಕ್ಕರೆ ಮಾಡೋ ಶಕ್ತಿ ಸತ್ತುಹೋಗುತ್ತೆ. ನೀವು ಎಷ್ಟು ಹೊತ್ತು ನೆನೆಸಿಟ್ಟರೂ ಗಂಜಿಯೇ.’

ಮೂರು ದಿನದ ಘಮ ಆಗ ತಲೆಗೆ ಹತ್ತಿತು. ಅಂದರೆ ಅತ್ತೆಗೆ ಗೊತ್ತಾಗಿದೆ. ಜಗಳವಾಡದೆ, ಒಂದು ಮಾತೂ ಆಡದೆ, ನಗುನಗುತ್ತ ಚಪಾತಿ ಬಡಿಸುತ್ತಲೇ ಒಂಬತ್ತು ಪೌಂಡನ್ನೂ ಹುರಿದು ಕೊಂದಿದ್ದಾರೆ. ಒಂದು ಕಡೆ ಟಿಕೆಟ್ಟು, ಇನ್ನೊಂದು ಕಡೆ ಇದು. ದಾರಿಯುದ್ದಕ್ಕೂ ಒಬ್ಬನೇ ಜೋರಾಗಿ ಮಾತಾಡಿಕೊಂಡು ಬಂದೆ. ಮುದುಕನಿಗೆ ಸಾರಿ ಕೂಡ ಹೇಳಿರಲಿಲ್ಲ.

ಮನೆಗೆ ಬಂದಾಗ ಇಬ್ಬರೂ ದೇವಸ್ಥಾನದಿಂದ ಬಂದಿದ್ದರು. ಅತ್ತೆ ಇನ್ನೂ ಸೀರೆ ಬದಲಾಯಿಸಿರಲಿಲ್ಲ, ಪ್ರಸಾದದ ಡಬ್ಬಿ ಬಿಚ್ಚುತ್ತಿದ್ದರು. ಹೆಂಡತಿ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದಳು.

‘ಅತ್ತೆ, ಗರಾಜಿನಲ್ಲಿದ್ದ ಕಾಳನ್ನ ಹುರಿದಿದ್ದು ನೀವಾ?’

‘ಹೌದು’ ಅಂದರು. ಮುಖದಲ್ಲಿ ನಗು. ‘ನೋಡಿದ್ರಾ?’

ಆ ನಗು ನೋಡಿ ನನ್ನ ಬಾಯಿಗೆ ಕಡಿವಾಣ ಇಲ್ಲದಂತಾಯಿತು. ‘ಬೇಡ ಅನ್ನಿಸಿದ್ರೆ ಮುಖಕ್ಕೆ ಹೇಳಬೇಕಿತ್ತು. ಕದ್ದುಮುಚ್ಚಿ ಹಾಳು ಮಾಡೋದು ಯಾಕೆ? ನಾನೇನು ನಿಮ್ಮ ದೊಡ್ಡ ಅಳಿಯನಾ? ಬಂದಾಗಿನಿಂದ ನೋಡ್ತಾ ಇದ್ದೀನಿ, ಲೋಟ ಮೂಸೋದು, ಡಬ್ಬ ಹುಡುಕೋದು, ಡೆಕ್ಕಿನ ಮೇಲೆ ನಿಂತು ಗುಸುಗುಸು. ಹೆಂಡತಿ ಮಗೂನ ಕಿತ್ಕೊಂಡು ಹೋಗೋಕೆ ಒಂದು ನೆಪ ಬೇಕು ನಿಮಗೆ, ಅಷ್ಟೇ!’

‘ರೀ!’ ಅಂದಳು ಹೆಂಡತಿ. ತಾಯಿಯ ಮುಂದೆ ಅವಳು ನನಗೆ ‘ರೀ’ ಅಂತಲೇ ಅನ್ನುತ್ತಿದ್ದಳು.

ಅತ್ತೆಯ ಕೈ ಡಬ್ಬಿಯ ಮೇಲೇ ನಿಂತಿತು. ನಾನು ಅಷ್ಟೆಲ್ಲ ಅಂದಿದ್ದರಲ್ಲಿ ಅವರಿಗೆ ಕೇಳಿಸಿದ್ದು ಒಂದೇ ಅನ್ನಿಸುತ್ತದೆ.

‘ಹಾಳಾಯ್ತಾ?’ ಅಂದರು. ‘ಹುರಿದ್ರೆ ಹಾಳಾಗುತ್ತಾ ಅದು?’

‘ಎಲ್ಲ ಗಂಜಿಯಾಗಿ ಕೂತಿದೆ’ ಅಂದೆ.

‘ಬಾರ್ಲಿ ನೀರಿಗೆ ಅಂದ್ರಿ ನೀವು. ಮೊಳಕೆ ಬರಿಸಿದ ಕಾಳನ್ನ ಬಾರ್ಲಿ ನೀರಿಗೆ ಯಾರಾದ್ರೂ ತರ್ತಾರಾ? ಬಾಯಿಗೆ ಹಾಕಿದ ಕೂಡಲೇ ಗೊತ್ತಾಯ್ತು. ಇವಳನ್ನ ಕೇಳಿದೆ, ಹೇಳಿದಳು, ಬಿಯರ್ ಮಾಡೋಕೆ, ಮಗು ಹುಟ್ಟಿದ ಖುಷಿಗೆ ಅಂತ. ಇವಳು ನಿಮಗೆ ಹೇಳಿಬಿಡ್ತೀನಿ ಅಂದಳು. ನಾನೇ ಬೇಡ ಅಂದೆ, ಅವರಾಗೇ ಹೇಳ್ತಾರೆ, ಕಾಯೋಣ ಅಂತ.’ ಪ್ರಸಾದದ ಡಬ್ಬಿಯ ಮುಚ್ಚಳ ಹಾಕಿದರು. ‘ರಾಗಿಗೆ ಮೊಳಕೆ ಕಟ್ಟಿ ಒಣಗಿಸಿದ್ಮೇಲೆ ನಾವು ಹುರಿದೇ ಬೀಸೋದು. ಹುರಿಯದೆ ಬೀಸಿದ್ರೆ ಹಸಿ ವಾಸನೆ, ಹಿಟ್ಟಿಗೆ ಹುಳ ಬರುತ್ತೆ. ಇವರಿಗೆ ಅದೆಲ್ಲ ಗೊತ್ತಿರಲ್ಲ, ಗಂಡಸರು, ಮೊದಲನೇ ಸಲ ಮಾಡ್ತಿದ್ದಾರೆ, ಚೆನ್ನಾಗಿ ಬರಲಿ ಅಂತ ಹುರಿದಿಟ್ಟೆ. ಸಣ್ಣ ಪ್ಯಾಕೆಟ್ಟಿಂದು ಆಗಲೇ ಹುರಿದ ಹಾಗಿತ್ತು, ಅದನ್ನ ಬಿಟ್ಟೆ. ಫ್ರೀಜರಿನಲ್ಲಿದ್ದ ಹಸಿರು ಗುಳಿಗೆ ಏನಂತ ಗೊತ್ತಾಗಲಿಲ್ಲ, ಮುಟ್ಟಲಿಲ್ಲ.’

ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ದನಿ ಏರಲಿಲ್ಲ, ಅಳಲೂ ಇಲ್ಲ.

‘ದೊಡ್ಡವಳ ಗಂಡನ ಬಾಟಲಿಗಳನ್ನ ಬಚ್ಚಲಿಗೆ ಸುರಿದಿದ್ದೀನಿ ನಾನು, ಲೆಕ್ಕವಿಲ್ಲದಷ್ಟು ಸಲ. ಸುರಿದಷ್ಟೂ ಅವನು ಬಚ್ಚಿಟ್ಟು ಕುಡಿದ. ಈ ಅಳಿಯನ ಹತ್ರ ಹಾಗೆ ಮಾಡಬಾರದು ಅಂತಾನೇ ಬಂದಿದ್ದು. ನನ್ನೆದುರಿಗೇ ಮಾಡಲಿ, ಬಚ್ಚಿಡೋದು ಬೇಡ ಅಂತ.’

ಅಷ್ಟು ಹೊತ್ತಿಗಾದರೂ ನಾನು ಕಾಲಿಗೆ ಬಿದ್ದು ತಪ್ಪಾಯ್ತು ಅನ್ನಬೇಕಿತ್ತು. ಆದರೆ ಸಿಕ್ಕಿಬಿದ್ದವನಿಗೆ ಒಂದಾದರೂ ಮಾತು ಗೆಲ್ಲಬೇಕು ಅನ್ನಿಸುತ್ತದೆ, ಎಂಥ ಕೆಟ್ಟ ಬುದ್ಧಿಯೋ. ‘ಮತ್ತೆ ಟಿಕೆಟ್ಟು? ರೇಟ್ ನೋಡು ಅಂತ ಅಕ್ಕನಿಗೆ ಹೇಳಿದ್ದು ಸುಳ್ಳಾ? ಮೂರು ಜನಕ್ಕೆ!’ ಅಂದೆ.

‘ಬಂದ ಹೊಸದರಲ್ಲಿ ಹೇಳಿದ್ದೆ, ಹೌದು’ ಅಂದರು ಅತ್ತೆ.

ಹೆಂಡತಿ ಸೋಫಾದಿಂದ ಮೆಲ್ಲಗೆ ಎದ್ದಳು. ಬೆನ್ನಿಗೆ ಕೈ ಕೊಟ್ಟುಕೊಂಡು ನನ್ನ ಹತ್ತಿರ ಬಂದಳು.

‘ಅದು ನಿನಗೆ ಹೇಗೆ ಗೊತ್ತು?’

ತಾಯಿಯೆದುರು ಅವಳು ನನಗೆ ‘ನಿನಗೆ’ ಅಂದಿದ್ದು ಅದೇ ಮೊದಲು.

‘ಅಕ್ಕ ಅದನ್ನ ಬರೆದಿದ್ದು ನನಗೆ. ಅಮ್ಮನ ಫೋನಿನಲ್ಲಿ ಇಲ್ಲ. ನನ್ನ ಫೋನ್ ನೋಡಿದ್ಯಾ?’

ಹೌದು ಅಂತ ತಲೆಯಾಡಿಸಿದೆ.

ಅವಳು ಫೋನು ತೆಗೆದು, ಹುಡುಕಿ, ನನ್ನ ಕೈಗಿಟ್ಟಳು. ‘ಅದರ ಕೆಳಗೆ ನಾನೇನು ಬರೆದಿದ್ದೀನಿ ಅಂತ ಓದಲಿಲ್ವಾ? ಈಗ ಓದು. ಜೋರಾಗಿ ಓದು, ಅಮ್ಮನಿಗೂ ಕೇಳಲಿ.’

ಅಕ್ಕನ ಆ ಮೆಸೇಜಿನ ಕೆಳಗೇ ಇತ್ತು. ಅವತ್ತು ಬೆರಳು ಒಂದಿಷ್ಟು ಸರಿಸಿದ್ದರೆ ಕಾಣುತ್ತಿತ್ತು. ಓದಿದೆ.

‘ನೋಡ್ಬೇಡ ಅಕ್ಕ. ನಾನು ಬರಲ್ಲ, ಅಮ್ಮಂಗೂ ಹೇಳಿ ಒಪ್ಸಿದೀನಿ. ಮಗೂನ ಮೊದಲನೇ ವರ್ಷ ಅವನು ನೋಡ್ಬೇಕು. ಅವನು ಇಡೀ ಪ್ರಪಂಚನೇ ಅನುಮಾನದಿಂದ ನೋಡ್ತಾನೆ ಕಣೇ, ಆದ್ರೆ ನನ್ನನ್ನ ಒಂದು ದಿನಾನೂ ಹಾಗೆ ನೋಡಿಲ್ಲ. ನಂಗೆ ಅಷ್ಟು ಸಾಕು.’

ಓದಿ ಮುಗಿಸಿದಾಗ ಅತ್ತೆ ಅಡುಗೆಮನೆಗೆ ಹೋಗಿಬಿಟ್ಟಿದ್ದರು. ಹೆಂಡತಿ ಫೋನು ವಾಪಸ್ ತಗೊಂಡಳು. ಕೂಗಾಡಲಿಲ್ಲ. ‘ಅಕ್ಕನಿಗೆ ಈಗ ಏನಂತ ಬರೀಲಿ?’ ಅಂತ ಕೇಳಿದಳು. ಗರಾಜಿಗೆ ಹೋಗಿ ತಣ್ಣಗಾಗಿದ್ದ ಗಂಜಿಯನ್ನು ಬಕೆಟ್ಟು ಬಕೆಟ್ಟಾಗಿ ಹಿತ್ತಲಿಗೆ ಹೊತ್ತು ಸುರಿದೆ.

ಮಗಳು ಹುಟ್ಟಿದಳು. ಅತ್ತೆ ಬಾಣಂತನ ಮಾಡಿದರು, ನನಗೂ ಮೊದಲಿನ ಹಾಗೇ ಬಡಿಸಿದರು. ನಾನು ತಪ್ಪಾಯ್ತು ಅಂದೆ, ಒಂದು ಸಲವಲ್ಲ. ಅವರು ‘ಆಯ್ತು ಬಿಡಿ’ ಅಂದರು, ಅವರು ಬಿಟ್ಟೂ ಇದ್ದರು. ಬಿಡದವಳು ಹೆಂಡತಿ. ಮಗು ಮೂರು ತಿಂಗಳದಾದಾಗ ಟಿಕೆಟ್ ಬುಕ್ ಮಾಡಿದ್ದು ಅವಳು. ‘ಬೇಡ ಕಣೇ, ಅವರ ಬಾಯಿ ಹಾಗೇ, ಮನಸ್ಸು ಕೆಟ್ಟದಲ್ಲ’ ಅಂತ ಹೊರಡುವ ಬೆಳಿಗ್ಗೆಯವರೆಗೂ ನನ್ನ ಪರ ವಾದ ಮಾಡಿದವರು ಅತ್ತೆ ಒಬ್ಬರೇ.

ನಾನು ಅಂದುಕೊಂಡ ಹಾಗೇ ಸ್ಟ್ಯಾಂಪಿಂಗ್ ತಡವಾಯಿತು. ಆರು ತಿಂಗಳು ಅಂದಿದ್ದು ಹದಿಮೂರಾಯಿತು. ಮಗು ಮಗುಚಿಕೊಂಡಿದ್ದು, ಕೂತಿದ್ದು, ನಿಂತಿದ್ದು ಎಲ್ಲ ಫೋನಿನಲ್ಲಿ ನೋಡಿದೆ. ಅವರು ವಾಪಸ್ ಬಂದ ದಿನ ಏರ್‌ಪೋರ್ಟಿಗೆ ಎರಡು ಗಂಟೆ ಮುಂಚೆಯೇ ಹೋಗಿ ನಿಂತಿದ್ದೆ. ಬಾಗಿಲು ತೆರೆದು ಹೆಂಡತಿ ಟ್ರಾಲಿ ತಳ್ಳಿಕೊಂಡು ಬಂದಳು, ಅವಳ ಕೈ ಹಿಡಿದು ಮಗಳು ನಡೆದು ಬಂದಳು. ಮಂಡಿಯೂರಿ ಎರಡೂ ಕೈ ಚಾಚಿದೆ. ಅವಳು ನಿಂತಳು. ನನ್ನ ಶೂ ನೋಡಿದಳು, ಕೈ ನೋಡಿದಳು, ಮುಖವನ್ನು ತುಂಬಾ ಹೊತ್ತು ನೋಡಿದಳು. ಆಮೇಲೆ ಅಮ್ಮನ ಕಾಲಿನ ಹಿಂದೆ ಸರಿದು ನಿಂತಳು.